ಎಂಡಿಎಂಎ ಸುದ್ದಿಯ ಆಚೆ: ಯಾವ ವಯಸ್ಸಿಗೆ ಯಾವ ನಶೆ, ಯಾಕೆ?

2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿಗೆ ಬಂದು ಇಬ್ಬರು ವಿದೇಶಿ ಮಹಿಳೆಯರನ್ನು ಬಂಧಿಸಿದರು. ಸಿಕ್ಕಿದ್ದು ಪಾರ್ಟಿಗಳಲ್ಲಿ ಬಳಸುವ ಎಂಡಿಎಂಎ ಎಂಬ ಕೃತಕ ಮಾದಕ ದ್ರವ್ಯ, 37 ಕಿಲೋಗೂ ಹೆಚ್ಚು. ಪೊಲೀಸರು ಹೇಳಿದ ಬೆಲೆ 75 ಕೋಟಿ ರೂಪಾಯಿ. ಅದೇ ವರ್ಷ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿನ ಒಂದು ‘ಎಂಡಿ’ ಘಟಕದ ಮೇಲೆ ದಾಳಿ ನಡೆಸಿ ನೂರಾರು ಕೋಟಿಯ ಲೆಕ್ಕ ಕೊಟ್ಟರು. ಇಂಥ ಸುದ್ದಿ ಓದಿದವರಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಂಡಿ, ಎಂಡಿಎಂಎ ಎರಡೂ ಒಂದೆಯೇ? ಹನ್ನೆರಡು ಗ್ರಾಂ ಇಟ್ಟುಕೊಂಡ ಹುಡುಗ ತಿಂಗಳುಗಟ್ಟಲೆ ಜೈಲಿನಲ್ಲಿ ಕೊಳೆಯುವಾಗ ಅರ್ಧ ಕಿಲೋ ಗಾಂಜಾದವನು ಬೇಗ ಹೊರಬರುವುದು ಹೇಗೆ? ಇಷ್ಟೊಂದು ಸಿಗುತ್ತಿದೆ ಎಂದರೆ ನಮ್ಮ ಮಕ್ಕಳೆಲ್ಲ ಇದರಲ್ಲೇ ಮುಳುಗಿದ್ದಾರೆಯೇ?

ಮೊದಲ ಎರಡಕ್ಕೆ ಉತ್ತರ ಸುಲಭ. ಮುಂಬೈ ಕಡೆ ‘ಎಂಡಿ’ ಎನ್ನುವುದು ಮೆಫೆಡ್ರೋನ್‌ಗೆ. ಎಂಡಿಎಂಎ ಬೇರೆಯದೇ ರಾಸಾಯನಿಕ. ನಮ್ಮ ಸುದ್ದಿಗಳಲ್ಲಿ ಎರಡೂ ಕಲಸಿಹೋಗುತ್ತವೆ. ಮಾದಕ ದ್ರವ್ಯಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಒಂದೊಂದು ದ್ರವ್ಯಕ್ಕೂ ಒಂದು ‘ಸಣ್ಣ ಪ್ರಮಾಣ’, ಒಂದು ‘ವಾಣಿಜ್ಯ ಪ್ರಮಾಣ’ ಇಟ್ಟಿದೆ. ಎಂಡಿಎಂಎಗೆ ಅವು ಅರ್ಧ ಗ್ರಾಂ ಮತ್ತು 10 ಗ್ರಾಂ. ಮೆಫೆಡ್ರೋನ್‌ಗೆ 2 ಗ್ರಾಂ ಮತ್ತು 50 ಗ್ರಾಂ. ಗಾಂಜಾಕ್ಕೆ 1 ಕಿಲೋ ಮತ್ತು 20 ಕಿಲೋ. ಸಣ್ಣ ಪ್ರಮಾಣಕ್ಕೆ ಹೆಚ್ಚೆಂದರೆ ಒಂದು ವರ್ಷ ಸಜೆ. ವಾಣಿಜ್ಯ ಪ್ರಮಾಣ ದಾಟಿದರೆ ಕನಿಷ್ಠವೇ 10 ವರ್ಷ, ಜಾಮೀನಿಗೂ 37ನೇ ಸೆಕ್ಷನ್ನಿನ ಬಿಗಿ ಷರತ್ತು. ಹನ್ನೆರಡು ಗ್ರಾಂನವನ ಕಥೆ ಇಷ್ಟೆ.

ಮೂರನೆಯ ಪ್ರಶ್ನೆಗೆ ಮಾತ್ರ ಒಂದೇ ಉಸಿರಿನಲ್ಲಿ ಉತ್ತರ ಹೇಳಲಾಗದು. ‘ಯಾವ ಡ್ರಗ್ಸ್’, ‘ಯಾರು ಮಾರಿದರು’ ಎಂಬೆರಡೇ ಪ್ರಶ್ನೆ ಹಿಡಿದು ಹೊರಟರೆ ಅದು ಸಿಗುವುದೂ ಇಲ್ಲ. ಹನ್ನೊಂದರ ಹುಡುಗ, ಹತ್ತೊಂಬತ್ತರ ವಿದ್ಯಾರ್ಥಿ, ನಲವತ್ತರ ಗಾರೆ ಕೆಲಸದವನು, ಎಪ್ಪತ್ತರ ಅಜ್ಜಿ ಈ ನಾಲ್ವರೂ ಬೇರೆ ಬೇರೆ ಬಾಗಿಲಿನಿಂದ ಒಳಹೋಗುತ್ತಾರೆ. ಆ ವಯಸ್ಸಿನ ಕೈಗೆ ಎಟಕುವುದು ಯಾವ ಅಂಗಡಿ, ದಿನದಲ್ಲಿ ಅವರನ್ನು ಗಮನಿಸುವವರು ಯಾರಿದ್ದಾರೆ, ಆ ವಸ್ತು ಅವರ ಯಾವ ನೋವನ್ನು ಸ್ವಲ್ಪ ಹೊತ್ತು ಅಡಗಿಸುತ್ತದೆ ಎಂಬ ಮೂರು ಸಂಗತಿಗಳೇ ಚಟದ ಸ್ವರೂಪವನ್ನು ತೀರ್ಮಾನಿಸುತ್ತವೆ.

ಜಪ್ತಿ ಏರಿದರೆ ಸೇವನೆ ಏರಿದಂತೆಯೇ?

ಅಲ್ಲ. ಜಪ್ತಿಯ ಅಂಕಿ ಮೊದಲಿಗೆ ಅಳೆಯುವುದು ಪೊಲೀಸರ ಕೆಲಸವನ್ನು. ವಿಶೇಷ ಕಾರ್ಯಾಚರಣೆ ನಡೆದ ತಿಂಗಳು ಪ್ರಕರಣ ಏರುತ್ತದೆ, ಪೊಲೀಸರು ಬೇರೆ ಕೆಲಸದಲ್ಲಿ ಮುಳುಗಿದ ತಿಂಗಳು ಇಳಿಯಬಹುದು. ಅಷ್ಟರಿಂದ ಸೇವನೆ ಏರಿತು, ಇಳಿಯಿತು ಎನ್ನಲಾಗದು. ಕೋಟಿಗಳ ಲೆಕ್ಕವೂ ತೂಕವನ್ನು ಬೀದಿ ಬೆಲೆಯಿಂದ ಗುಣಿಸಿ ಹೇಳಿದ್ದು. ಮಾಲು ಎಷ್ಟು ಶುದ್ಧ, ಎಷ್ಟು ಕಲಬೆರಕೆ ಎಂಬುದು ಅದರಲ್ಲಿ ಸೇರಿರುವುದಿಲ್ಲ.

‘ಸೇವನೆ ಪ್ರಕರಣ’ಗಳದ್ದು ಇನ್ನೊಂದು ತೊಡಕು. ಶಂಕಿತರನ್ನು ಕರೆತಂದು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಎಂಡಿಎಂಎ ಕುರುಹು ಎರಡರಿಂದ ನಾಲ್ಕು ದಿನದಲ್ಲಿ ಮಾಯ. ಗಾಂಜಾದ ಅಂಶ ಕೊಬ್ಬಿನಲ್ಲಿ ಕೂತು ನಿಧಾನ ಹೊರಬರುವುದರಿಂದ ದಿನಾ ಸೇದುವವನ ಮೂತ್ರದಲ್ಲಿ ಮೂರ್ನಾಲ್ಕು ವಾರದವರೆಗೂ ಸಿಗಬಹುದು. ಹಾಗಾಗಿ ಇಂಥ ತಪಾಸಣೆಯಲ್ಲಿ ಹೆಚ್ಚು ಸಿಕ್ಕಿಬೀಳುವುದು ಗಾಂಜಾದವರೇ. ಪಂಕ್ಚರ್ ಅಂಟಿನ ಸೊಲ್ಯೂಷನ್ ಮೂಸುವ ಹುಡುಗನಾಗಲಿ, ನಿದ್ದೆ ಮಾತ್ರೆಯ ಅಜ್ಜಿಯಾಗಲಿ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಸೇವನೆ ತಿಳಿಯಬೇಕಾದರೆ ಮನೆಮನೆ ಸಮೀಕ್ಷೆಯೇ ಆಗಬೇಕು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಅಂಥ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದು ಕೋವಿಡ್‌ಗಿಂತ ಮೊದಲಿನದು ಎಂಬ ಮಿತಿ ನೆನಪಿನಲ್ಲಿರಲಿ. ಅದರ ಪ್ರಕಾರ 10ರಿಂದ 75 ವಯಸ್ಸಿನ ಭಾರತೀಯರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಚಿಕಿತ್ಸೆಯ ನೆರವು ಬೇಕು. ಗಾಂಜಾ, ಭಂಗಿ, ಚರಸ್ ಬಳಸುವವರು 3.1 ಕೋಟಿ. ಅಫೀಮು ಜಾತಿಯ ದ್ರವ್ಯ ಬಳಸುವವರು 2.26 ಕೋಟಿ. ನಿದ್ದೆ ಮಾತ್ರೆಯಂಥವು 1.18 ಕೋಟಿ. ಎಂಡಿಎಂಎ ಥರದವು ಈ ಸಾಲಿನಲ್ಲಿ ತೀರಾ ಕೆಳಗೆ. ಶೀರ್ಷಿಕೆಗಳ ಕ್ರಮಕ್ಕೂ ಕಷ್ಟದ ಕ್ರಮಕ್ಕೂ ತಾಳೆಯೇ ಇಲ್ಲ.

ಹತ್ತರಿಂದ ಹದಿನಾಲ್ಕು: ಪಂಕ್ಚರ್ ಅಂಗಡಿಯ ಟ್ಯೂಬು

ಆ ವರದಿಯಲ್ಲಿ ಒಂದೇ ಒಂದು ವರ್ಗದಲ್ಲಿ ಮಕ್ಕಳು ದೊಡ್ಡವರನ್ನು ಮೀರಿಸಿದ್ದಾರೆ. ಮೂಸುವ ವಸ್ತುಗಳನ್ನು ಬಳಸುವವರು ದೊಡ್ಡವರಲ್ಲಿ ಶೇ 0.58, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 1.17. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಪೇಂಟ್ ಥಿನ್ನರ್, ಪೆಟ್ರೋಲ್ ಎಲ್ಲ ಇದರಲ್ಲಿ ಸೇರುತ್ತವೆ. ಒಂದೂ ಕಳ್ಳಮಾಲಲ್ಲ. ಸ್ಟೇಷನರಿ ಅಂಗಡಿಯಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವಂಥವು.

ಇದಕ್ಕೆ ಬೀಳುವ ಮಕ್ಕಳು ಯಾರು? ಚಿಂದಿ ಆಯುವವರು, ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆಗಳಲ್ಲಿ ರಾತ್ರಿ ಕಳೆಯುವವರು, ಗ್ಯಾರೇಜಿಗೆ ಕೆಲಸಕ್ಕೆ ಸೇರಿದವರು, ಶಾಲೆ ಬಿಟ್ಟವರು. ಈ ಸ್ಥಿತಿಗೆ ಅವರು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಎಷ್ಟೋ ಬಾರಿ ರಾಯಚೂರು, ಯಾದಗಿರಿ, ಕಲಬುರಗಿಯ ಮಳೆ ಕೈಕೊಟ್ಟ ಹೊಲ ಸಿಗುತ್ತದೆ. ಕುಟುಂಬ ಗುಳೆ ಹೊರಟು ಬೆಂಗಳೂರಿನ ಕಟ್ಟಡ ಕಾಮಗಾರಿಯ ತಗಡಿನ ಶೆಡ್ಡಿಗೆ ಬಂದಿಳಿಯುತ್ತದೆ. ಅಪ್ಪ, ಅವ್ವ ಇಬ್ಬರೂ ಬೆಳಿಗ್ಗೆ ಸೈಟಿಗೆ. ಮಗು ಶಾಲೆಗೆ ಸೇರಿದರೂ ಕಟ್ಟಡ ಮುಗಿದ ಕೂಡಲೇ ಶೆಡ್ಡು ಇನ್ನೊಂದು ಬಡಾವಣೆಗೆ ಹೋಗುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ ನಿಜ. ಆದರೆ ವರ್ಷದ ನಡುವೆ ಹೊಸ ಶಾಲೆ ಹುಡುಕಿ ಮಗುವನ್ನು ಕೈಹಿಡಿದು ಕರೆದೊಯ್ಯಲು ಅವ್ವ ಒಂದು ದಿನದ ಕೂಲಿ ಬಿಡಬೇಕು. ಹಾಗೆ ಶಾಲೆ ತಪ್ಪಿದ ಮಗುವಿಗೆ ಮಧ್ಯಾಹ್ನದ ಬಿಸಿಯೂಟವೂ ತಪ್ಪುತ್ತದೆ, ಹಾಜರಿ ಕರೆಯುವ ಒಬ್ಬ ದೊಡ್ಡ ಮನುಷ್ಯರೂ ತಪ್ಪುತ್ತಾರೆ.

ಇಲ್ಲಿ ಟ್ಯೂಬಿನ ಕೆಲಸ ಶುರು. ಸೊಲ್ಯೂಷನ್ನಿನಲ್ಲಿರುವ ಟೊಲ್ಯೂಯಿನ್ ಎಂಬ ದ್ರಾವಕದ ಆವಿ ಹಸಿವು ಅಡಗಿಸುತ್ತದೆ, ಚಳಿ ಮರೆಸುತ್ತದೆ, ಹೊಡೆಯುವ ದೊಡ್ಡ ಹುಡುಗರ ಭಯ ತಗ್ಗಿಸುತ್ತದೆ. ಅಮಲು ಏರುವುದೂ ನಿಮಿಷಗಳಲ್ಲಿ, ಇಳಿಯುವುದೂ ನಿಮಿಷಗಳಲ್ಲಿ. ಆದ್ದರಿಂದಲೇ ದಿನಕ್ಕೆ ಹತ್ತಾರು ಸಲ. ಬಾಯಿ, ಮೂಗಿನ ಸುತ್ತ ಒಣಗಿದ ಚರ್ಮ ಅಥವಾ ಗುಳ್ಳೆ, ಬಟ್ಟೆಯಲ್ಲಿ ಥಿನ್ನರ್ ವಾಸನೆ, ತೊದಲು ಮಾತು ಇದರ ಕುರುಹು. ದೀರ್ಘ ಬಳಕೆ ಮಿದುಳಿನ ನರಗಳ ಹೊದಿಕೆಯನ್ನೇ ಕೆಡಿಸುತ್ತದೆ. ನೆನಪು, ನಡಿಗೆಯ ಹತೋಟಿ ಎರಡೂ ಹೋಗುತ್ತವೆ.

ಒಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಈಗಷ್ಟೇ ಮೂಸಿದ ಮಗುವನ್ನು ಬೆನ್ನಟ್ಟಬಾರದು, ಗದರಬಾರದು. ಈ ಆವಿಗಳಿಂದ ಹೃದಯ, ಹೆದರಿದಾಗ ದೇಹದಲ್ಲಿ ಹೆಚ್ಚುವ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುವ ಸ್ಥಿತಿಯಲ್ಲಿರುತ್ತದೆ. ಹೆದರಿ ಓಡಿದರೆ ಬಡಿತ ತಾಳತಪ್ಪಿ ಅಲ್ಲೇ ಕುಸಿದು ಸಾಯಬಹುದು. ಮೊದಲ ಸಲ ಮೂಸಿದವನಿಗೂ ಈ ಅಪಾಯವಿದೆ. ಗಾಳಿಯಾಡುವ ಕಡೆ ಸಮಾಧಾನವಾಗಿ ಕೂರಿಸಿ 108ಕ್ಕೆ ಕರೆ ಮಾಡುವುದು ಸರಿಯಾದ ದಾರಿ. ಬೀಟ್ ಪೊಲೀಸರಿಗೆ, ರೈಲ್ವೆ ರಕ್ಷಣಾ ಪಡೆಯವರಿಗೆ ಇದನ್ನು ಮೊದಲು ಹೇಳಿಕೊಡಬೇಕು.

ಕಾನೂನಿನ ತೂತು ಇಲ್ಲೇ ದೊಡ್ಡದು. ಮಗುವಿಗೆ ಮದ್ಯ, ತಂಬಾಕು, ಮಾದಕ ದ್ರವ್ಯ ಕೊಟ್ಟರೆ ಬಾಲನ್ಯಾಯ ಕಾಯ್ದೆ 2015ರ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಕಠಿಣ ಸಜೆ, ಲಕ್ಷದವರೆಗೆ ದಂಡ. ಆದರೆ ಆ ಸೆಕ್ಷನ್ನಿನ ಪಟ್ಟಿಯಲ್ಲಿ ಅಂಟಿನ ಟ್ಯೂಬಿನ ಹೆಸರಿಲ್ಲ. ದಿನಕ್ಕೆ ನಾಲ್ಕು ಟ್ಯೂಬು ಒಯ್ಯುವ ಹುಡುಗನ ಬಳಿ ಸೈಕಲ್ಲೇ ಇಲ್ಲ ಎಂದು ಅಂಗಡಿಯವರಿಗೆ ಗೊತ್ತು, ಆದರೂ ಮಾರುತ್ತಾರೆ. ಮಗುವನ್ನು ಹಿಡಿದರೆ ಮಕ್ಕಳ ಕಲ್ಯಾಣ ಸಮಿತಿ, ಅಲ್ಲಿಂದ ಬಾಲಮಂದಿರ, ಕೆಲವು ವಾರದ ನಂತರ ಮತ್ತೆ ಅದೇ ಶೆಡ್ಡು, ಅದೇ ಗೆಳೆಯರು. ಮಕ್ಕಳಿಗೆಂದೇ ವ್ಯಸನ ಚಿಕಿತ್ಸೆಯ ಹಾಸಿಗೆಗಳು ಬೆರಳೆಣಿಕೆ. ದೊಡ್ಡ ಕುಡುಕರ ನಡುವೆ ಹನ್ನೆರಡರ ಹುಡುಗನನ್ನು ಮಲಗಿಸಿದರೆ ಅವನು ಕಲಿತು ಬರುವುದು ಹೊಸ ನಶೆಗಳ ಹೆಸರು.

ಹದಿನೈದರಿಂದ ಇಪ್ಪತ್ತೆರಡು: ಪಿಜಿಯ ಕೋಣೆ

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಮೊದಲ ಸಲ ಮನೆ ಬಿಡುವ ವಯಸ್ಸಿದು. ಕೆಲವರು ನೀಟ್, ಜೆಇಇ ಒತ್ತಡದ ವಸತಿ ಪಿಯು ಕಾಲೇಜಿಗೆ ಹೋಗುತ್ತಾರೆ, ಕೆಲವರು ಯಾರೂ ಕೇಳುವವರಿಲ್ಲದ ಪಿಜಿಗೆ. ಮೊದಲನೆಯ ಕಡೆ ಬಿಡುವಿಲ್ಲ, ಎರಡನೆಯ ಕಡೆ ಬಿಡುವೇ ಬಿಡುವು. ಚಟ ಬೇರು ಬಿಡುವುದು ಸಾಮಾನ್ಯವಾಗಿ ಎರಡನೆಯ ಕಡೆ. ಅದರಲ್ಲೂ ಮೊದಲನೆಯದರಿಂದ ಎರಡನೆಯದಕ್ಕೆ ಬಂದ ಮೊದಲ ವರ್ಷದಲ್ಲಿ.

ಕಾಲೇಜು ಗೇಟಿನ ಬಳಿ ಅಪರಿಚಿತನೊಬ್ಬ ಚಾಕೊಲೇಟಿನಲ್ಲಿ ಡ್ರಗ್ಸ್ ಕೊಟ್ಟ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ವಾಸ್ತವ ಇಷ್ಟು ನಾಟಕೀಯವಲ್ಲ. ಮೊದಲ ದಮ್ಮು ಕೊಡುವುದು ರೂಮ್‌ಮೇಟ್ ಅಥವಾ ಸೀನಿಯರ್, ಅದೂ ಪುಕ್ಕಟೆ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವನಿಗೆ ಇಂಗ್ಲಿಷ್ ಮಾತನಾಡುವ ಗುಂಪಿನಲ್ಲಿ ಕೂರಲು ಅದು ಪ್ರವೇಶ ಶುಲ್ಕ. ಗಾಂಜಾ ‘ಗಿಡದ್ದು, ಏನೂ ಆಗಲ್ಲ’ ಎಂಬ ಮಾತಿಗೆ ಕೆಲವು ಸಾಧು ಪರಂಪರೆಗಳ ಉದಾಹರಣೆಯೂ ಸಿದ್ಧವಾಗಿರುತ್ತದೆ. ಆ ಬಳಕೆಗೆ ವಯಸ್ಸು, ಸಂದರ್ಭ, ಗುರುಹಿರಿಯರ ಕಣ್ಣು ಎಂಬ ಬೇಲಿ ಇತ್ತು. ಪಿಜಿ ಕೋಣೆಯಲ್ಲಿ ಅದ್ಯಾವುದೂ ಇಲ್ಲ. ಮಿದುಳಿನ ಮುಂಭಾಗ, ಅಂದರೆ ‘ಸಾಕು, ನಿಲ್ಲಿಸು’ ಎನ್ನುವ ಭಾಗ, ಪಕ್ವವಾಗುವುದು ಇಪ್ಪತ್ತೈದರ ಹೊತ್ತಿಗೆ. ಹದಿನೇಳರಲ್ಲಿ ದಿನಾ ಸೇದಲು ಹಿಡಿದವನಿಗೆ ಚಟ ಅಂಟುವ ಸಾಧ್ಯತೆ ತಡವಾಗಿ ಶುರುಮಾಡಿದವನಿಗಿಂತ ಹೆಚ್ಚು. ಮನೆತನದಲ್ಲಿ ಮನೋರೋಗದ ಇತಿಹಾಸವಿದ್ದರೆ ಭ್ರಮೆ, ಸಂಶಯ ರೋಗ ಕೆರಳುವ ಅಪಾಯವೂ ಇದೆ.

ತಂದೆತಾಯಿಗೆ ಅರ್ಥವಾಗದ ಇನ್ನೊಂದು ಸಂಗತಿ: ‘ನಮ್ಮ ಹುಡುಗ ಸೇದುತ್ತಿದ್ದ ಅಂತ ಒಪ್ಪೋಣ, ಪೆಡ್ಲರ್ ಹೇಗಾದ?’ ಆಗುವುದು ಹೀಗೆ. ಐವರು ಸೇರಿ ದುಡ್ಡು ಹಾಕುತ್ತಾರೆ. ಒಬ್ಬನ ಖಾತೆಗೆ ಯುಪಿಐನಲ್ಲಿ ಕಳಿಸುತ್ತಾರೆ. ಅವನು ಹೋಗಿ ತರುತ್ತಾನೆ, ಪ್ರತಿಯಾಗಿ ಅವನ ಪಾಲು ಪುಕ್ಕಟೆ. ಕೈಖರ್ಚಿಗೆ ಕಷ್ಟವಿರುವವನೇ ಬಹಳ ಸಲ ಈ ಕೆಲಸ ವಹಿಸಿಕೊಳ್ಳುವುದು. ಗೆಳೆಯರ ಲೆಕ್ಕದಲ್ಲಿ ಅದು ಉಪಕಾರ, ಕಾನೂನಿನ ಲೆಕ್ಕದಲ್ಲಿ ಮಾರಾಟ. ಬ್ಯಾಗಿನಲ್ಲಿ ಐವರ ಪಾಲಿನ 11 ಗ್ರಾಂ ಎಂಡಿಎಂಎ ಇದ್ದರೆ ಅವನೊಬ್ಬನೇ ವಾಣಿಜ್ಯ ಪ್ರಮಾಣದ ಆರೋಪಿ. ಉಳಿದ ನಾಲ್ವರ ಹೆಸರು ಫೋನಿನ ಪಾವತಿ ಪಟ್ಟಿಯಲ್ಲಿ ಇರುತ್ತದೆ.

ಇದೇ ವಯಸ್ಸಿನ ಬಡ ಹುಡುಗರ ಕಡೆ ನೋವಿನ ಮಾತ್ರೆಗಳು ಬಂದಿವೆ. 2018ರಲ್ಲಿ ಟ್ರಮಡಾಲ್ ಎನ್‌ಡಿಪಿಎಸ್ ಪಟ್ಟಿಗೆ ಸೇರಿತು. ಸಿಗುವುದು ಕಷ್ಟವಾದಾಗ ಬಳಕೆ ಆಗ ಆ ಪಟ್ಟಿಯಲ್ಲಿರದ ಟಾಪೆಂಟಡಾಲ್ ಕಡೆ ಹೊರಳಿತು. ಕೆಲವರು ಮಾತ್ರೆ ಕರಗಿಸಿ ಚುಚ್ಚಿಕೊಳ್ಳುತ್ತಾರೆ. ನುಂಗಲೆಂದು ಮಾಡಿದ ಮಾತ್ರೆಯ ಪುಡಿ ರಕ್ತನಾಳ ಕಟ್ಟಿಸುತ್ತದೆ, ಕೀವು ತುಂಬಿಸುತ್ತದೆ. ಸೂಜಿ ಹಂಚಿಕೊಂಡರೆ ಹೆಪಟೈಟಿಸ್ ಸಿ, ಎಚ್‌ಐವಿ.

ಕಾಲೇಜುಗಳು ಸಾಮಾನ್ಯವಾಗಿ ಮಾಡುವುದು ಅಮಾನತು ಇಲ್ಲವೇ ಟಿಸಿ. ಸಂಸ್ಥೆಯ ಹೆಸರು ಉಳಿಯುತ್ತದೆ. ಆದರೆ ಬೆಳಿಗ್ಗೆ ಎದ್ದು ಹೋಗಲು ಇದ್ದ ಒಂದೇ ಜಾಗ ಹುಡುಗನ ಕೈತಪ್ಪುತ್ತದೆ, ಸೇದುವ ಗುಂಪು ಮಾತ್ರ ಉಳಿಯುತ್ತದೆ. ಇದನ್ನು ನೋಡಿದ ಉಳಿದವರು ಸಹಾಯ ಕೇಳಲು ಬಾಯಿಯೇ ಬಿಡುವುದಿಲ್ಲ.

ದುಡಿಯುವ ವಯಸ್ಸು: ಕೂಲಿಯ ಜೊತೆ ಕ್ವಾರ್ಟರು

ರಾಜ್ಯದಲ್ಲಿ ಅತಿ ಹೆಚ್ಚು ಮನೆಗಳನ್ನು ಒಡೆಯುವ ದ್ರವ್ಯಕ್ಕೆ ಲೈಸೆನ್ಸ್ ಇದೆ. ಅದೇ 2019ರ ವರದಿಯಂತೆ ದೇಶದಲ್ಲಿ ಕುಡಿಯುವ ಗಂಡಸರು ಶೇ 27.3, ಹೆಂಗಸರು ಶೇ 1.6. ಇಪ್ಪತ್ತೈದರಿಂದ ಐವತ್ತೈದರ ಗಂಡಸರಲ್ಲಿ ಕುಡಿತಕ್ಕೆ ಕೆಲಸದ ಸ್ವರೂಪವೇ ದೊಡ್ಡ ಕಾರಣ. ಕಾಂಕ್ರೀಟ್ ಹೊರುವವನ ಸೊಂಟ ರಾತ್ರಿ ಮಲಗಗೊಡುವುದಿಲ್ಲ. ಮಲದ ಗುಂಡಿಗೆ ಇಳಿಯುವವನು ಆ ವಾಸನೆಗೆ ಮೊದಲು ಒಂದು ಕ್ವಾರ್ಟರ್ ಏರಿಸದೆ ಇಳಿಯಲಾರ. ಅದನ್ನು ಕೊಡಿಸುವವನು ಕೆಲಸ ಮಾಡಿಸುವವನೇ. ಲೋಡ್ ಇಳಿಸುವುದು, ಹೆಣ ಎತ್ತುವುದು, ಮರ ಉರುಳಿಸುವುದು ಇಂಥ ಹಲವು ಕೆಲಸಗಳಲ್ಲಿ ಕೂಲಿಯೊಳಗೆ ಎಣ್ಣೆಯೂ ಸೇರಿರುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟದ ಲೈನ್‌ಮನೆಗಳಲ್ಲಿ ವಾರದ ಬಟವಾಡೆ, ಸಂತೆ, ಮದ್ಯದಂಗಡಿ ಮೂರೂ ಒಂದೇ ದಿನ ಕೂಡುತ್ತವೆ. ದುಡ್ಡು ಕೈಗೆ ಬಂದು ಮನೆ ತಲುಪುವುದರೊಳಗೆ ಅರ್ಧ ಕರಗುತ್ತದೆ.

2007ರ ಜುಲೈಯಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ. ಬಡವರು ಕುಡಿಯುವುದನ್ನು ಬಿಡಲಿಲ್ಲ, ಕಡಿಮೆ ದರದ ವಿಸ್ಕಿ, ರಮ್, ಬ್ರಾಂದಿಗೆ ಹೊರಳಿದರು. ಜೇಬಿನಲ್ಲಿ ಕೂರುವ 90 ಮಿಲಿಯ ಪೊಟ್ಟಣ ಬಂತು. ಲೈಸೆನ್ಸ್ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಒಯ್ದು ಹಳ್ಳಿಯ ಕಿರಾಣಿ ಅಂಗಡಿ, ಗೂಡಂಗಡಿಗಳಲ್ಲಿ ನಾಲ್ಕೈದು ರೂಪಾಯಿ ಮೇಲಿಟ್ಟು ಮಾರುವ ಜಾಲ ಬೆಳೆಯಿತು. ಹಾಲು ತರಲು ಹೋದ ಹುಡುಗನಿಗೂ ಅದು ಕಣ್ಣೆದುರಿನ ಸಾಮಾನು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದದ್ದು ಇದೇ ಸಂಕಟಕ್ಕೆ. ಇತ್ತ 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಮುಟ್ಟಲೇಬೇಕಾದ ಇಲಾಖೆಯೇ ಕಿರಾಣಿ ಅಂಗಡಿಯ ಮಾರಾಟವನ್ನೂ ತಡೆಯಬೇಕು. ಆ ಮಾರಾಟದಿಂದಲೂ ತೆರಿಗೆ ಬಂದೇ ಇರುತ್ತದೆ ಎಂಬುದು ಗೊತ್ತಿದ್ದರೆ ದಾಳಿಗಳು ಯಾಕೆ ವಿರಳ ಎಂದು ಕೇಳಬೇಕಾಗಿಲ್ಲ.

ತಂಬಾಕಿನ ವಿಷಯದಲ್ಲೂ ಹೀಗೇ ಆಯಿತು. 2013ರಲ್ಲಿ ಗುಟ್ಕಾ ನಿಷೇಧವಾದಾಗ ತಯಾರಕರು ಪಾನ್ ಮಸಾಲೆಯ ಒಂದು ಪೊಟ್ಟಣ, ತಂಬಾಕಿನ ಇನ್ನೊಂದು ಪೊಟ್ಟಣ ಬೇರೆ ಬೇರೆ ಮಾರಿದರು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಹೋಯಿತು. ರಾತ್ರಿ ಪಾಳಿಯ ಚಾಲಕರು, ಡೆಲಿವರಿ ಹುಡುಗರು ಹಸಿವು, ನಿದ್ದೆ ತಡೆಯಲು ಹಿಡಿಯುವುದು ಮೊದಲು ಇದನ್ನೇ.

ಸಾಫ್ಟ್‌ವೇರ್ ಕಚೇರಿಗಳ ವಾರಾಂತ್ಯದ ಪಾರ್ಟಿಗಳ ಬಗ್ಗೆ ಸುದ್ದಿ ಬಹಳ ಬರುತ್ತದೆ. ಅವರಿಗೆ ದುಡ್ಡಿದೆ, ಖಾಸಗಿ ವೈದ್ಯರಿದ್ದಾರೆ, ಹೊರಬರುವ ದಾರಿ ಹೆಚ್ಚು. ಇಲ್ಲಿ ಅದನ್ನು ಹಿಗ್ಗಿಸುವ ಅಗತ್ಯವಿಲ್ಲ.

ಅರವತ್ತು ದಾಟಿದವರು: ಹಳೇ ಚೀಟಿಯ ಮಾತ್ರೆ

ಈ ವಯಸ್ಸಿನ ಚಟವನ್ನು ಮನೆಯವರು ಚಟ ಎಂದು ಗುರುತಿಸುವುದೇ ಇಲ್ಲ. ಹಳೇ ಮೈಸೂರು ಸೀಮೆಯ ಅಜ್ಜಿಯರ ಎಲೆಅಡಿಕೆಯಲ್ಲಿ ಕಡ್ಡಿಪುಡಿ ಇದ್ದೇ ಇರುತ್ತದೆ. ಅದು ತಂಬಾಕು ಎಂದು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಹೆಂಗಸರು ಕುಡಿಯುವ, ಸೇದುವ ಅಂಕಿ ಸಣ್ಣದಾಗಿರುವುದರಿಂದ ಅವರು ಪಾರಾದರು ಎಂದುಕೊಳ್ಳುವುದೂ ತಪ್ಪು. ಬಾರಿಗೆ ಹೋಗಲಾಗದವರ ದಾರಿ ಮೆಡಿಕಲ್ ಶಾಪಿನ ಕಡೆಗಿರುತ್ತದೆ.

ಗಂಡ ತೀರಿಕೊಂಡಾಗ ಅಥವಾ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ವೈದ್ಯರು ಎರಡು ವಾರಕ್ಕೆಂದು ಅಲ್ಪ್ರಜೋಲಮ್ ಎಂಬ ನಿದ್ದೆ ಮಾತ್ರೆ ಬರೆಯುತ್ತಾರೆ. ನಿದ್ದೆ ಬರುತ್ತದೆ. ಎರಡು ವಾರ ಮುಗಿದ ಮೇಲೆ ಅದೇ ಚೀಟಿ ತೋರಿಸಿ ಮತ್ತೆ ತರಿಸುತ್ತಾರೆ. ಐದಾರು ವಾರಕ್ಕೆ ದೇಹ ಒಗ್ಗಿಕೊಳ್ಳುತ್ತದೆ. ಮಾತ್ರೆ ತಪ್ಪಿದ ರಾತ್ರಿ ಮೊದಲಿಗಿಂತ ಕೆಟ್ಟ ನಿದ್ರಾಹೀನತೆ, ಎದೆಬಡಿತ. ‘ಮಾತ್ರೆ ಇಲ್ಲದೆ ನನಗೆ ಆಗೋದೇ ಇಲ್ಲ’ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ, ರಾತ್ರಿ ಎಂಟಕ್ಕೆ ಬಾಗಿಲು ಹಾಕಿದರೆ ಬೆಳಿಗ್ಗೆ ಹಾಲಿನವನು ಬರುವವರೆಗೆ ಮಾತಿಗೆ ಜನವಿಲ್ಲ. ಅಷ್ಟು ಉದ್ದದ ರಾತ್ರಿಯನ್ನು ದಾಟಿಸುವುದು ಆ ಮಾತ್ರೆ.

ವಯಸ್ಸಾದಂತೆ ಯಕೃತ್ತು, ಮೂತ್ರಪಿಂಡ ನಿಧಾನವಾಗುವುದರಿಂದ ಔಷಧ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮರುದಿನವೂ ಮಂಪರು. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿಯುವುದು, ಮರೆವು ಹೆಚ್ಚಿ ‘ಅರಳುಮರಳು’ ಎನಿಸಿಕೊಳ್ಳುವುದು ಇದರಿಂದಲೂ ಆಗುತ್ತದೆ. ನಿವೃತ್ತಿಯ ನಂತರ ಸಂಜೆಯ ಒಂದು ಪೆಗ್ಗು ಎರಡಾದ ಅಜ್ಜಂದಿರ ಕಥೆಯೂ ಇಂಥದ್ದೇ. ದೇಹದ ನೀರಿನಂಶ ಕಡಿಮೆಯಾಗಿರುವುದರಿಂದ ಐವತ್ತರಲ್ಲಿ ಕುಡಿದಷ್ಟೇ ಎಪ್ಪತ್ತರಲ್ಲಿ ಕುಡಿದರೂ ರಕ್ತದಲ್ಲಿ ಮದ್ಯದ ಮಟ್ಟ ಏರಿರುತ್ತದೆ.

ಅಲ್ಪ್ರಜೋಲಮ್ ಶೆಡ್ಯೂಲ್ ಎಚ್1ರ ಔಷಧ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಯದು. 2014ರಿಂದ ಜಾರಿಯಲ್ಲಿರುವ ನಿಯಮದಂತೆ ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಕೊಟ್ಟ ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಪರಿಚಯದ ಗಿರಾಕಿಗೆ ಚೀಟಿ ಕೇಳುವುದೇ ಅಪರೂಪವಾದ ಮೇಲೆ ರಿಜಿಸ್ಟರಿನ ಮಾತೆಲ್ಲಿ? ಇನ್ನು, ವಿಷಯ ಗೊತ್ತಾದ ಮಕ್ಕಳು ಒಂದೇ ಏಟಿಗೆ ಮಾತ್ರೆ ಕಿತ್ತುಕೊಳ್ಳುವುದು ಅಪಾಯ. ವರ್ಷಗಟ್ಟಲೆ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಉಸ್ತುವಾರಿಯಲ್ಲಿ ಎರಡು ವಾರಕ್ಕೊಮ್ಮೆ ಹತ್ತರಿಂದ ಇಪ್ಪತ್ತೈದು ಪ್ರತಿಶತದಂತೆ ಇಳಿಸುತ್ತ ತಿಂಗಳುಗಳಲ್ಲಿ ಬಿಡಿಸಬೇಕು.

ಠಾಣೆಯೋ, ಆಸ್ಪತ್ರೆಯೋ?

ಒಂದು ವಾದ: ಕೊಳ್ಳುವವನಿದ್ದರೆ ತಾನೇ ಮಾರುವವನಿರುವುದು, ಸೇವಿಸುವವನಿಗೂ ಶಿಕ್ಷೆಯ ಭಯವಿರಲಿ. ಪೊಲೀಸ್ ವ್ಯವಸ್ಥೆ ಬಹುಮಟ್ಟಿಗೆ ಈ ಕಡೆ. ಕಾಯ್ದೆಯ 27ನೇ ಸೆಕ್ಷನ್ ಸೇವನೆಗೇ ಸಜೆ ಹೇಳುತ್ತದೆ, ಹೆರಾಯಿನ್, ಕೊಕೇನ್‌ನಂಥವಕ್ಕೆ ಒಂದು ವರ್ಷದವರೆಗೆ, ಉಳಿದವಕ್ಕೆ ಆರು ತಿಂಗಳವರೆಗೆ. ಇನ್ನೊಂದು ವಾದ: ಚಟ ಕಾಯಿಲೆ, ರೋಗಿಯನ್ನು ಆರೋಪಿ ಮಾಡಿದರೆ ಅವನು ಆಸ್ಪತ್ರೆಯಿಂದ ದೂರ ಓಡುತ್ತಾನೆ. ಸಾಮಾಜಿಕ ನ್ಯಾಯ ಸಚಿವಾಲಯವೇ 2021ರಲ್ಲಿ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧದಿಂದ ಹೊರಗಿಡಲು ಸಲಹೆ ನೀಡಿತ್ತು. ಮೂರನೆಯ ದನಿ ಮದ್ಯವನ್ನೇ ನಿಷೇಧಿಸಿ ಎನ್ನುವವರದು. ಅವರ ಸಿಟ್ಟಿಗೆ ಕಾರಣವಿದೆ. ಆದರೆ ಸಾರಾಯಿಯ ಅನುಭವ ನೋಡಿದರೆ ಬಾಟಲಿ ಬದಲಾಗುವುದೇ ಹೆಚ್ಚು.

ಈ ಜಗಳದಲ್ಲಿ ಈಗಿರುವ ಕಾಯ್ದೆಯೊಳಗಿನ ಒಂದು ಬಾಗಿಲು ಮರೆತೇಹೋಗಿದೆ. 64ಎ ಸೆಕ್ಷನ್ ಪ್ರಕಾರ ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ ವಿಚಾರಣೆಯಿಂದ ಅವನಿಗೆ ವಿನಾಯಿತಿ ಇದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ವಿನಾಯಿತಿ ರದ್ದಾಗಬಹುದು. ‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಬೇಗ ಮುಗಿಯುತ್ತೆ’ ಎಂಬ ಸಲಹೆಗೆ ಒಪ್ಪುವ ತಂದೆತಾಯಿ ಮಗನ ಹೆಸರಿಗೆ ಒಂದು ಅಪರಾಧದ ದಾಖಲೆ ಬರೆಸಿಕೊಂಡು ಬರುತ್ತಾರೆ. ಪಾಸ್‌ಪೋರ್ಟ್‌ಗೋ ಸರ್ಕಾರಿ ಕೆಲಸಕ್ಕೋ ಪೊಲೀಸ್ ಪರಿಶೀಲನೆ ಬಂದಾಗ ಅದು ಎದುರು ಬರುತ್ತದೆ. ಹಾಗೆ ಒಪ್ಪುವ ಮೊದಲು ವಕೀಲರಲ್ಲಿ 64ಎ ಬಗ್ಗೆ ಕೇಳುವುದು ಒಳ್ಳೆಯದು.

ಚಿಕಿತ್ಸೆ ಕೆಡುವುದು ಎಲ್ಲಿ?

2019ರ ವರದಿಯಂತೆ ಮದ್ಯದ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗಷ್ಟೇ ಚಿಕಿತ್ಸೆ ಸಿಗುತ್ತಿತ್ತು, ಅಕ್ರಮ ದ್ರವ್ಯಗಳ ಅವಲಂಬನೆಯಲ್ಲಿ 20ರಲ್ಲಿ ಒಬ್ಬರಿಗೆ. ಸಿಕ್ಕವರದ್ದೂ ಮೂರ್ನಾಲ್ಕು ಕಡೆ ಕೆಡುತ್ತದೆ.

ಮೊದಲನೆಯದು ಥಟ್ಟನೆ ಬಿಡುವುದು. ದಿನಾ ಕುಡಿಯುವವನು ಮಾಲೆ ಹಾಕಿದ ದಿನದಿಂದ ಒಂದು ಹನಿಯೂ ಮುಟ್ಟುವುದಿಲ್ಲ. ಶ್ರದ್ಧೆ ದೊಡ್ಡದು, ದೇಹಕ್ಕೆ ಮಾತ್ರ ಅದು ಗೊತ್ತಿಲ್ಲ. ಆರೆಂಟು ಗಂಟೆಯಲ್ಲಿ ಕೈನಡುಕ, ಬೆವರು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಇಲ್ಲದ ಹುಳ, ಇಲ್ಲದ ಮನುಷ್ಯರು ಕಾಣಿಸಿ ಬಡಬಡಿಸುತ್ತಾನೆ. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾಯುವ ಸ್ಥಿತಿ ಅದು. ಹಿಂದೆ ಫಿಟ್ಸ್ ಬಂದವರು, ಬೆಳಿಗ್ಗೆ ಎದ್ದ ಕೂಡಲೇ ಕುಡಿಯಲೇಬೇಕಾದವರು ಬಿಡುವ ಮೊದಲು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೆಲವು ದಿನ ನಡುಕ ತಡೆಯುವ ಔಷಧ ಕೊಟ್ಟು ಇಳಿಸುತ್ತಾರೆ, ಥಯಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಕೊಡುತ್ತಾರೆ. ಸಣ್ಣ ಕ್ಲಿನಿಕ್ಕಿನಲ್ಲಿ ಥಯಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು.

‘ಕುಡುಕರಿಗೆ ತಿಳಿಯದಂತೆ ಕಾಫಿಯಲ್ಲಿ ಬೆರೆಸಿ’ ಎಂಬ ಜಾಹೀರಾತಿನ ಪುಡಿಗಳು ಇನ್ನೊಂದು ಅಪಾಯ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ ಅದರ ಮೇಲೆ ಕುಡಿದವನಿಗೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಪ್ರಾಣಕ್ಕೇ ಸಂಚಕಾರ. ರೋಗಿಗೆ ಹೇಳಿ, ಒಪ್ಪಿಸಿ, ವೈದ್ಯರು ಕೊಡುವ ಔಷಧ ಅದು.

ಹೆರಾಯಿನ್, ನೋವಿನ ಮಾತ್ರೆ ಬಿಟ್ಟು ಬಂದವರಿಗೆ ಮೊದಲ ವಾರಗಳೇ ಅಪಾಯದವು. ದೇಹದ ತಾಳಿಕೆ ಇಳಿದಿರುತ್ತದೆ. ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಆದ್ದರಿಂದಲೇ ಬ್ಯುಪ್ರೆನಾರ್ಫಿನ್‌ನಂಥ ಬದಲಿ ಔಷಧವನ್ನು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೊಡುತ್ತಾರೆ. ‘ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದರು’ ಎಂದು ಮನೆಯವರು ಅದನ್ನು ಮಧ್ಯದಲ್ಲೇ ನಿಲ್ಲಿಸುವುದೂ ಮರುಕಳಿಕೆಗೆ ಒಂದು ದೊಡ್ಡ ಕಾರಣ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮೊದಲು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ. ಮನೋವೈದ್ಯರು ಬರುವ ದಿನ ಯಾವುದು, ರೋಗಿಯೊಡನೆ ಫೋನಿನಲ್ಲಿ ಮಾತಾಡಲು ಬಿಡುತ್ತಾರೆಯೇ ಎಂದೂ ಕೇಳಿ. ‘ಮೂರು ತಿಂಗಳು ಮುಖ ನೋಡುವಂತಿಲ್ಲ’ ಎನ್ನುವ ಕಡೆ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು, ಒಂಟಿಯಾಗಿ ಕೂಡಿಹಾಕುವುದನ್ನು ನಿಷೇಧಿಸಿದೆ. ರೋಗಿಯ ಒಪ್ಪಿಗೆಯಿಲ್ಲದ ದಾಖಲಾತಿಗೆ ಮೊದಲ ಹಂತದಲ್ಲಿ 30 ದಿನದ ಮಿತಿ ಇದೆ. ಸರ್ಕಾರಿ ಕಡೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಗಳ ಮನೋರೋಗ ವಿಭಾಗ, ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಶಿಬಿರ ಇವೆ. ವ್ಯಸನದ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಮಕ್ಕಳ ವಿಷಯಕ್ಕೆ 1098.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳು ಹಳ್ಳಿಗಳಲ್ಲಿ ಚಿರಪರಿಚಿತ. ಅವುಗಳ ತಿರುಳು ಎಂಟು ದಿನಕ್ಕಿಂತ ಹೆಚ್ಚಾಗಿ, ಬಿಟ್ಟವರೇ ಸೇರಿ ಆಮೇಲೆ ನಡೆಸುವ ನವಜೀವನ ಸಮಿತಿಗಳಲ್ಲಿದೆ. ಬಟವಾಡೆಯ ಸಂಜೆ ಜೊತೆಗೆ ಕೂರಲು ಕುಡಿಯದ ನಾಲ್ಕು ಜನ ಸಿಗುತ್ತಾರೆ.

ಮುಂದೇನಾಗಬಹುದು?

ಈಗಿನ ದಿಕ್ಕಿನಲ್ಲೇ ಸಾಗಿದರೆ ಎಂಡಿಎಂಎ ದುಬಾರಿಯಾದೀತು. ಟ್ರಮಡಾಲ್ ಕಥೆ ಮರುಕಳಿಸಿ ಮೆಡಿಕಲ್ ಶಾಪಿನ ಯಾವುದೋ ಹೊಸ ಮಾತ್ರೆಯ ಹೆಸರು ಕೇಳಿಬಂದೀತು. ಹುಡುಗರ ಮೇಲಿನ ಸೇವನೆ ಪ್ರಕರಣಗಳು ಹೆಚ್ಚಿ ಕೋರ್ಟುಗಳಲ್ಲಿ ಕಡತ ಬೆಳೆದಾವು. ತಂಬಾಕು ಕೊಳ್ಳುವ ವಯಸ್ಸನ್ನು ಕರ್ನಾಟಕ 21ಕ್ಕೆ ಏರಿಸಿದೆ, ಹುಕ್ಕಾ ಬಾರ್ ನಿಷೇಧಿಸಿದೆ. ಗೂಡಂಗಡಿಯವನು ಗಿರಾಕಿಯ ವಯಸ್ಸು ಕೇಳಬೇಕಾದರೆ ಅಲ್ಲಿ ಯಾರಾದರೂ ಆಗಾಗ ಬಂದು ನೋಡಬೇಕು. ಶಾಲೆಯ ನೂರು ಗಜದೊಳಗೆ ಮಾರಬಾರದೆಂಬ 2003ರ ನಿಯಮದ ಗತಿ ನೋಡಿದರೆ ಹೆಚ್ಚು ಭರವಸೆ ಮೂಡದು.

ಕಾಯ್ದೆ ಬದಲಿಸದೆ, ದೊಡ್ಡ ಖರ್ಚಿಲ್ಲದೆ ಮಾಡಬಹುದಾದವೂ ಇವೆ. ಔಷಧ ನಿಯಂತ್ರಣ ಇಲಾಖೆ ಎಚ್1 ರಿಜಿಸ್ಟರುಗಳನ್ನು ಸಗಟು ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿದರೆ ತಿಂಗಳೊಳಗೆ ಗೊತ್ತಾಗುತ್ತದೆ ಯಾವ ಅಂಗಡಿಯಿಂದ ಮಾತ್ರೆ ಎತ್ತ ಹರಿಯುತ್ತಿದೆ ಎಂದು. ಅಬಕಾರಿ ಇಲಾಖೆಯಲ್ಲಿ ಆದಾಯ ತರುವವರೇ ಅಕ್ರಮ ಮಾರಾಟ ಹಿಡಿಯುವವರೂ ಆಗಿರುವುದನ್ನು ಬೇರ್ಪಡಿಸಬಹುದು. ಕಾಮಗಾರಿ ಸ್ಥಳದ ಮಕ್ಕಳ ಶಾಲಾ ವರ್ಗಾವಣೆಯನ್ನು ಅವ್ವನ ಕೂಲಿಗೆ ಬಿಡದೆ ಗುತ್ತಿಗೆದಾರನ ಜವಾಬ್ದಾರಿ ಮಾಡಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಅದೇ ಕಟ್ಟಡಗಳಿಂದ ಸೆಸ್ ಬರುತ್ತಿದೆ, ದುಡ್ಡಿಲ್ಲ ಎನ್ನುವ ಮಾತು ಅಲ್ಲಿ ನಡೆಯದು.